ನಕ್ಷೆಯ ಕಂಪ್ಯೂಟರಿಗೆ ಒಗ್ಗುವ ಡ್ರೈವರ್ ಯಾವುದು?

ನಕ್ಷೆಗಾರರ ಮೇಜಿನಿಂದ ಟಿ-ಸ್ಕ್ವೇರು, ಸೆಟ್‌ಸ್ಕ್ವೇರು, ಶಾಯಿಯ ಲೇಖನಿ, ಟ್ರೇಸಿಂಗ್ ಕಾಗದ ಇವೆಲ್ಲವೂ ಕಣ್ಮರೆಯಾಗಿ ಬಹಳ ಕಾಲವಾಯಿತು. 1982ರ ಡಿಸೆಂಬರಿನಲ್ಲಿ ಅಮೆರಿಕೆಯ ಆಟೋಡೆಸ್ಕ್ ಸಂಸ್ಥೆಯವರು ಆಟೋಕ್ಯಾಡ್ ಎಂಬ ಸಾಫ್ಟ್‌ವೇರನ್ನು ಹೊರತಂದರು. 1995ರಲ್ಲಿ ಸಾಲಿಡ್‌ವರ್ಕ್ಸ್ ಬಂದಿತು. ಇಂದು ಪುಣೆಯ ಭೋಸರಿ, ಚಾಕಣಗಳಲ್ಲಾಗಲಿ, ಮುಂಬಯಿಯ ಆಚೆಯ ಅಂಬರನಾಥ, ವಸಯಿಗಳಲ್ಲಾಗಲಿ, ಚೆನ್ನೈಯ ಅಂಬತ್ತೂರಿನಲ್ಲಾಗಲಿ, ಒಂದು ಅಚ್ಚು, ಒಂದು ಗೇರು, ಒಂದು ತಗಡಿನ ಪೆಟ್ಟಿಗೆ ತಯಾರಾಗಬೇಕಾದರೂ ಅದರ ರೂಪವು ಮೊದಲು ಕಂಪ್ಯೂಟರಿನ ಪರದೆಯ ಮೇಲೆ ಮೂಡಿಬರುವುದೇ ವಾಡಿಕೆಯಾಗಿದೆ.

ಈ ಸಂಗತಿ ಹೋಟೆಲಿನಲ್ಲಿ ದುಡಿಯುವ ನಮ್ಮವರಿಗೇತಕ್ಕೆ ಎಂದು ವಾಚಕರು ಕೇಳಬಹುದು. ಹಗಲೆಲ್ಲ ಮೇಜು ಒರೆಸಿ, ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತಲೇ ಅಕ್ಷರ ಕಲಿತ ತಲೆಮಾರಿನವರ ಮಕ್ಕಳು, ಮೊಮ್ಮಕ್ಕಳು ಇಂದು ಐಟಿಐ, ಡಿಪ್ಲೊಮಾಗಳನ್ನು ಮುಗಿಸಿ ಇದೇ ನಕ್ಷೆಯ ಕೆಲಸದಲ್ಲಿದ್ದಾರೆ. ಕೆಲವರು ಮನೆಯ ಮೂಲೆಯಲ್ಲಿ ಒಂದು ಕಂಪ್ಯೂಟರನ್ನಿಟ್ಟುಕೊಂಡು ಜಾಬ್‌ವರ್ಕ್ ಮಾಡಿ ಸಂಸಾರ ನಡೆಸುತ್ತಿದ್ದಾರೆ. ಇನ್ನು ಗುಮಾಸ್ತ ಬಂಧುಗಳ ಪಾಡು ಬೇರೆಯೇ. ಐದಾರು ಕಂಪ್ಯೂಟರುಗಳಿರುವ ಸಣ್ಣ ಕಚೇರಿಯಲ್ಲಿ ಪ್ರತ್ಯೇಕವಾಗಿ ಕಂಪ್ಯೂಟರ್ ಬಲ್ಲವನನ್ನು ನೇಮಿಸುವ ರೂಢಿಯಿಲ್ಲ. ಬಿಲ್ಲು ಬರೆಯುವ ಗುಮಾಸ್ತನ ಕೊರಳಿಗೇ ಆ ಉಸ್ತುವಾರಿಯೂ ಬೀಳುತ್ತದೆ. ನಕ್ಷೆಯ ಮಧ್ಯೆ ಪರದೆ ಕಪ್ಪಾಗಿ ಎರಡು ಗಂಟೆಯ ಕೆಲಸ ಮಣ್ಣುಪಾಲಾದಾಗ ಮಾಲೀಕನು ಬೈಯುವುದು ಕಂಪ್ಯೂಟರನ್ನಲ್ಲ, ಅದರ ಮುಂದೆ ಕುಳಿತವನನ್ನು. "ನಿನಗೆ ಕೆಲಸ ಬರುವುದಿಲ್ಲ" ಎಂಬ ಮಾತನ್ನು ಕೇಳಿ ತಲೆತಗ್ಗಿಸಿ ಮನೆಗೆ ಬಂದ ಹುಡುಗರನ್ನು ನಾವು ಕಂಡಿದ್ದೇವೆ. ಅಂಥ ಎಷ್ಟೋ ಸಂದರ್ಭಗಳಲ್ಲಿ ತಪ್ಪು ಹುಡುಗನದಲ್ಲ, ಕಾರ್ಡಿನದೂ ಅಲ್ಲ. ನಡುವೆ ನಿಂತ ಡ್ರೈವರ್ ಎಂಬುವನದು.

ಡ್ರೈವರ್ ಎಂದೊಡನೆ ನಮ್ಮವರಿಗೆ ನೆನಪಾಗುವುದು ಊರಿನ ಬಸ್ಸು. ಇವನು ಅವನಲ್ಲ. ಹೋಟೆಲಿನ ಮಾತಿನಲ್ಲಿ ಹೇಳುವುದಾದರೆ ಇವನು ಮಾಣಿ. ಮೇಜಿನ ಬಳಿ ಕುಳಿತ ಗಿರಾಕಿಯೆಂದರೆ ಆಟೋಕ್ಯಾಡ್ ಅಥವಾ ಸಾಲಿಡ್‌ವರ್ಕ್ಸ್. ಒಳಗೆ ಅಡಿಗೆಮನೆಯಲ್ಲಿ ಬೆವರು ಸುರಿಸುವ ಭಟ್ಟರೆಂದರೆ ಗ್ರಾಫಿಕ್ಸ್ ಕಾರ್ಡು. ಗಿರಾಕಿಗೂ ಭಟ್ಟರಿಗೂ ಮುಖಾಮುಖಿ ಮಾತಿಲ್ಲ. "ಈ ಚಕ್ರವನ್ನು ಇಷ್ಟು ತಿರುಗಿಸಿ ತೋರಿಸು, ಹಿಂದಿನ ಅಂಚನ್ನು ಮರೆಮಾಡು, ಈ ರಂಧ್ರದ ಸುತ್ತ ಕಿತ್ತಳೆ ಬಣ್ಣ ಹಚ್ಚು" ಎಂದು ಗಿರಾಕಿ ಹೇಳಿದ್ದನ್ನು ಭಟ್ಟರಿಗೆ ತಿಳಿಯುವ ಭಾಷೆಯಲ್ಲಿ ಕೂಗಿ ಹೇಳುವವನು ಮಾಣಿ. ಮುಂಬಯಿಯ ಯಾವ ಉಡುಪಿ ಹೋಟೆಲಿನಲ್ಲಿ ದುಡಿದವರೂ ಬಲ್ಲರು: ಜೈನ ಸಾಂಬಾರು ಎಂದು ಗಿರಾಕಿ ಹೇಳಿದ್ದನ್ನು ಮಾಣಿಯು ಬರೇ ಸಾಂಬಾರು ಎಂದು ಕೂಗಿದರೆ, ಒಳಗಿನ ಭಟ್ಟರು ಎಷ್ಟೇ ಕೈಪಳಗಿದವರಾದರೂ ಈರುಳ್ಳಿ ಬೀಳುವುದು ತಪ್ಪದು. ಬಟ್ಟಲು ಹಿಂದೆ ಬರುತ್ತದೆ, ಜಗಳವಾಗುತ್ತದೆ, ಹೆಸರು ಕೆಡುವುದು ಭಟ್ಟರದು.

ಕಾರ್ಡಿನ ವಿಷಯದಲ್ಲಿಯೂ ಅದೇ ಕಥೆ. ಮಾಣಿಯು ತಪ್ಪು ಕೇಳಿಸಿಕೊಂಡರೆ ಪರದೆಯ ಮೇಲೆ ಗೆರೆಗಳು ಮಾಯವಾಗುತ್ತವೆ; ಹಿಂದಿನ ಅಂಚು ಮುಂದಿನ ಗೋಡೆಯನ್ನು ಸೀಳಿಕೊಂಡು ಕಾಣುತ್ತದೆ; ಆಯ್ದ ಭಾಗಕ್ಕೆ ಬಣ್ಣ ಹತ್ತುವುದಿಲ್ಲ; ಪರದೆ ಮಿಣುಕುತ್ತದೆ; ಕೊನೆಗೆ ಸಾಫ್ಟ್‌ವೇರೇ ಸದ್ದಿಲ್ಲದೆ ಮುಚ್ಚಿಹೋಗುತ್ತದೆ. ವಿಂಡೋಸ್ ವ್ಯವಸ್ಥೆಯು ಕಾರ್ಡಿನಿಂದ ಉತ್ತರ ಬರುವುದನ್ನು ಸಾಮಾನ್ಯವಾಗಿ ಎರಡು ಸೆಕೆಂಡುಗಳವರೆಗೆ ಕಾಯುತ್ತದೆ. ಬಾರದಿದ್ದರೆ ಡ್ರೈವರನ್ನೇ ಎಬ್ಬಿಸಿ ಮತ್ತೆ ನಿಲ್ಲಿಸುತ್ತದೆ. ಈ ಏರ್ಪಾಡು 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಿಂದ ಇದೆ. ಪರದೆ ಒಂದು ಕ್ಷಣ ಕಪ್ಪಾಗಿ ಮರಳಿ ಬರುವುದಕ್ಕೆ ಅನೇಕ ವೇಳೆ ಇದೇ ಕಾರಣ. ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು: ಡ್ರೈವರ್ ಕೆಟ್ಟರೆ ಕಡತದೊಳಗಿನ ಅಳತೆಗಳು ಬದಲಾಗುವುದಿಲ್ಲ, ಬದಲಾಗುವುದು ತೋರಿಕೆ ಮಾತ್ರ. ಆದರೆ ಇದ್ದ ಗೆರೆ ಕಾಣದೆ ಹೋದರೆ ನಕ್ಷೆಗಾರನು ಇಲ್ಲವೆಂದು ತಿಳಿದು ಇನ್ನೊಂದನ್ನು ಎಳೆಯುತ್ತಾನೆ. ಉಕ್ಕಿಗೆ ಉಳಿ ಬಿದ್ದ ಮೇಲೆ ತೋರಿಕೆಯ ತಪ್ಪು ತೋರಿಕೆಯಾಗಿ ಉಳಿಯುವುದಿಲ್ಲ.

ಹಾಗಾದರೆ ಎಲ್ಲಕ್ಕಿಂತ ಹೊಸ ಡ್ರೈವರನ್ನು ಹಾಕಿಕೊಂಡರೆ ಮುಗಿಯಿತಲ್ಲವೇ? ಅಂಗಡಿಯವರು ಹೇಳುವುದು ಹಾಗೆಯೇ, ಕಂಪ್ಯೂಟರ್ ತಾನಾಗಿ ಹೇಳುವುದೂ ಹಾಗೆಯೇ. ಈ ಉಪದೇಶವೇ ಬಹುಪಾಲು ತೊಂದರೆಗಳ ಮೂಲವೆಂದು ನಮ್ಮ ಅಭಿಪ್ರಾಯ.

ಕಾರ್ಡು ತಯಾರಿಸುವವರಿಗೆ ಎರಡು ಬಗೆಯ ಗಿರಾಕಿಗಳಿದ್ದಾರೆ. ಒಂದು, ಆಟ ಆಡುವ ಯುವಕರು. ಹೊಸ ಆಟ ಬಿಡುಗಡೆಯಾದ ದಿನವೇ ಅದು ಸರಾಗವಾಗಿ ಓಡಬೇಕು. ಕ್ಷಣಕ್ಕೆ ನೂರು ಚಿತ್ರ ಹಾದುಹೋಗುವಾಗ ಒಂದು ಚಿತ್ರ ಸೊಟ್ಟಗಾದರೆ ಕೇಳುವವರಿಲ್ಲ. ಇವರಿಗಾಗಿ ಎನ್‌ವಿಡಿಯಾ ಸಂಸ್ಥೆಯವರು ಗೇಮ್ ರೆಡಿ ಎಂಬ ಡ್ರೈವರನ್ನು ಅಡಿಗಡಿಗೆ, ತಿಂಗಳು ತಿಂಗಳು ಎಂಬಂತೆ ಹೊರಡಿಸುತ್ತಾರೆ. ಎರಡನೆಯವರು ನಕ್ಷೆ, ವಿನ್ಯಾಸಗಳ ಕೆಲಸದವರು. ಇವರಿಗೆ ಬೇಕಾದುದು ವೇಗಕ್ಕಿಂತ ನಂಬಿಕೆ. ಸಾವಿರಾರು ಸಣ್ಣ ಗೆರೆಗಳಲ್ಲಿ ಒಂದೂ ತಪ್ಪಬಾರದು, ಬೆಳಿಗ್ಗೆ ಒಂಬತ್ತಕ್ಕೆ ತೆರೆದದ್ದು ಸಂಜೆ ಏಳರವರೆಗೆ ನಿಲ್ಲಬೇಕು. ಇವರಿಗಾಗಿ ಅದೇ ಸಂಸ್ಥೆಯಿಂದ ವೃತ್ತಿ ಕಾರ್ಡುಗಳಿವೆ. ಇವುಗಳ ಹೆಸರು ಮೊದಲು ಕ್ವಾಡ್ರೋ ಎಂದಿತ್ತು. 2020ರಿಂದ ಈಚೆಗೆ ಹೊಸ ಕಾರ್ಡುಗಳಿಗೆ ಆ ಹೆಸರನ್ನು ಬಿಟ್ಟು ಆರ್‌ಟಿಎಕ್ಸ್ ಎಂದೇ ಕರೆಯುತ್ತಿದ್ದಾರೆ. ಈ ಕಾರ್ಡುಗಳ ಡ್ರೈವರಿನಲ್ಲಿಯೂ ಎರಡು ಶಾಖೆಗಳಿವೆ. ಪ್ರೊಡಕ್ಷನ್ ಬ್ರಾಂಚ್ ಎಂಬುದು ಬಹುಕಾಲ ಪೋಷಣೆ ಪಡೆಯುವ, ವಿನ್ಯಾಸ ಸಾಫ್ಟ್‌ವೇರಿನವರ ಪರೀಕ್ಷೆಗೆ ಒಡ್ಡಲ್ಪಡುವ ಶಾಖೆ. ನ್ಯೂ ಫೀಚರ್ ಬ್ರಾಂಚ್ ಎಂಬುದು ಹೊಸ ಸೌಲಭ್ಯಗಳನ್ನು ಬೇಗನೆ ಬಯಸುವವರಿಗೆ. ಹೊಟ್ಟೆಪಾಡಿಗೆ ನಕ್ಷೆ ಬರೆಯುವವನಿಗೆ ಮೊದಲನೆಯದೇ ತಕ್ಕದ್ದು.

ಆಟದ ಜೀಫೋರ್ಸ್ ಕಾರ್ಡನ್ನೇ ಕೊಂಡವರು ನಮ್ಮಲ್ಲಿ ಬಹಳ, ಏಕೆಂದರೆ ಅದು ಅಗ್ಗ. ಅಂಥವರಿಗೂ ಒಂದು ದಾರಿಯಿದೆ. 2019ರಿಂದ ಎನ್‌ವಿಡಿಯಾದವರು ಆ ಕಾರ್ಡುಗಳಿಗೆ ಸ್ಟುಡಿಯೋ ಎಂಬ ಎರಡನೆಯ ಡ್ರೈವರನ್ನೂ ಕೊಡುತ್ತಿದ್ದಾರೆ. ಗೇಮ್ ರೆಡಿಯಷ್ಟು ಅವಸರದಲ್ಲಿ ಅದು ಹೊರಡುವುದಿಲ್ಲ. ಚಿತ್ರ, ಚಲಚ್ಚಿತ್ರ, ವಿನ್ಯಾಸದ ಸಾಫ್ಟ್‌ವೇರುಗಳಲ್ಲಿ ಪರೀಕ್ಷಿಸಿ ಹೊರಡುತ್ತದೆ. ಇಳಿಸಿಕೊಳ್ಳುವ ಪುಟದಲ್ಲಿ ಎರಡೂ ಪಕ್ಕಪಕ್ಕದಲ್ಲಿಯೇ ಇರುತ್ತವೆ. ಹೆಸರನ್ನು ಓದಿ ಒತ್ತಬೇಕು, ಅಷ್ಟೆ. ಎಎಮ್‌ಡಿ ಸಂಸ್ಥೆಯ ಕಾರ್ಡುಗಳಲ್ಲಿ ಆಟಕ್ಕೆ ಅಡ್ರೆನಲಿನ್, ವೃತ್ತಿಗೆ ರೇಡಿಯಾನ್ ಪ್ರೋ ಎಂಬ ಭೇದ. ಇಂಟೆಲ್‌ನವರೂ 2022ರಲ್ಲಿ ಆರ್ಕ್ ಪ್ರೋ ಎಂಬ ವೃತ್ತಿ ಕಾರ್ಡುಗಳೊಡನೆ ಈ ಸಂತೆಗೆ ಬಂದಿದ್ದಾರೆ.

ಹೊಸದೆಲ್ಲ ಒಳ್ಳೆಯದಲ್ಲ ಎಂಬುದಕ್ಕೆ ಎರಡು ಪೂರ್ವನಿದರ್ಶನಗಳು ಸಾಕು. 2010ರ ಮಾರ್ಚಿಯಲ್ಲಿ ಎನ್‌ವಿಡಿಯಾದ 196.75 ಎಂಬ ಡ್ರೈವರ್ ಹೊರಟಿತು. ಅದನ್ನು ಹಾಕಿಕೊಂಡ ಕೆಲವು ಕಂಪ್ಯೂಟರುಗಳಲ್ಲಿ ಕಾರ್ಡಿನ ಫ್ಯಾನು ಸರಿಯಾಗಿ ತಿರುಗದೆ ಕಾರ್ಡು ಕಾದುಹೋಗುತ್ತಿದೆಯೆಂದು ದೂರು ಬಂದು, ಸಂಸ್ಥೆಯವರು ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ನವೆಂಬರಿನಲ್ಲಿ ಎಎಮ್‌ಡಿಯವರು ಕ್ರಿಮ್ಸನ್ ಎಂಬ ಹೊಸ ಡ್ರೈವರನ್ನು ಸಂಭ್ರಮದಿಂದ ಬಿಡುಗಡೆ ಮಾಡಿದರು. ಅದರಲ್ಲಿಯೂ ಕೆಲವು ಕಾರ್ಡುಗಳ ಫ್ಯಾನು ಕಡಿಮೆ ವೇಗದಲ್ಲಿಯೇ ಸಿಕ್ಕಿಕೊಂಡಿತು. ಕೆಲವೇ ದಿನಗಳಲ್ಲಿ ತಿದ್ದುಪಡಿ ಹೊರಡಿಸಿದರು ನಿಜ. ಬಿಡುಗಡೆಯ ದಿನವೇ ಹಾಕಿಕೊಂಡವನಿಗೆ ಆ ತಿದ್ದುಪಡಿಯಿಂದ ಏನು ಬಂತು? ಎರಡೂ ಸಂಸ್ಥೆಗಳು ಸಣ್ಣವಲ್ಲ, ಅಲ್ಲಿಯ ಎಂಜಿನಿಯರರೂ ಅಸಡ್ಡೆಯವರಲ್ಲ. ಲೋಕದ ಎಲ್ಲ ಬಗೆಯ ಕಾರ್ಡು, ಎಲ್ಲ ಬಗೆಯ ಸಾಫ್ಟ್‌ವೇರುಗಳ ಜೋಡಿಯನ್ನು ಮೊದಲೇ ಪರೀಕ್ಷಿಸಿ ಮುಗಿಸುವುದು ಯಾರಿಂದಲೂ ಆಗದ ಕೆಲಸ.

ಆದುದರಿಂದಲೇ ವಿನ್ಯಾಸ ಸಾಫ್ಟ್‌ವೇರಿನವರು ತಾವೇ ಆಯ್ದ ಜೋಡಿಗಳನ್ನು ಪರೀಕ್ಷಿಸಿ ಪಟ್ಟಿ ಮಾಡಿ ಪ್ರಕಟಿಸುತ್ತಾರೆ. ಈ ಪಟ್ಟಿಯನ್ನು ನೋಡುವ ಅಭ್ಯಾಸ ನಮ್ಮ ಹುಡುಗರಲ್ಲಿ ಕಡಿಮೆ. ಸಾಲಿಡ್‌ವರ್ಕ್ಸ್‌ನವರ ಪಟ್ಟಿಯಲ್ಲಿ ಸಾಫ್ಟ್‌ವೇರಿನ ವರ್ಷ, ವಿಂಡೋಸಿನ ಆವೃತ್ತಿ, ಕಾರ್ಡಿನ ಹೆಸರು ಇವನ್ನು ಹೊಂದಿಸಿದರೆ ಯಾವ ಸಂಖ್ಯೆಯ ಡ್ರೈವರ್ ಪರೀಕ್ಷೆಯಲ್ಲಿ ಗೆದ್ದಿದೆಯೆಂಬುದು ಎದುರಿಗೆ ಬರುತ್ತದೆ. ಅದನ್ನೇ ಅಲ್ಲಿಂದಲೇ ಇಳಿಸಿಕೊಳ್ಳಬಹುದು. ಆಟದ ಕಾರ್ಡುಗಳಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ. ಅವುಗಳಲ್ಲಿ ಸಾಲಿಡ್‌ವರ್ಕ್ಸ್ ನಡೆಯುವುದುಂಟು, ಆದರೆ ಕೆಟ್ಟರೆ ಸಂಸ್ಥೆಯವರು ಹೊಣೆಯಲ್ಲ. ಆಟೋಡೆಸ್ಕಿನವರೂ ತಮ್ಮ ಸಾಫ್ಟ್‌ವೇರುಗಳಿಗೆ ಇಂಥದೇ ಪಟ್ಟಿಯನ್ನಿಟ್ಟಿದ್ದಾರೆ. ಪಟ್ಟಿಯಲ್ಲಿರುವ ಸಂಖ್ಯೆ ಅನೇಕ ವೇಳೆ ಹಳೆಯದಾಗಿ ಕಾಣುತ್ತದೆ. ಅದನ್ನು ಕಂಡು ಮೂಗು ಮುರಿಯಬೇಕಾಗಿಲ್ಲ. ಹಳೆಯ ಮಾಣಿಗೆ ಗಿರಾಕಿಯ ರುಚಿಯೂ ಗೊತ್ತು, ಭಟ್ಟರ ಸಿಟ್ಟೂ ಗೊತ್ತು.

ಕೆಲವರು ಮೈಕ್ರೋಸಾಫ್ಟಿನ ಮುದ್ರೆಯಿದ್ದರೆ ಸಾಕೆಂದು ನಂಬುತ್ತಾರೆ. ಆ ಮುದ್ರೆಯ ಅರ್ಥ, ಡ್ರೈವರ್ ವಿಂಡೋಸಿನ ಪರೀಕ್ಷೆಯಲ್ಲಿ ತೇರ್ಗಡೆಯಾಗಿದೆಯೆಂಬುದು ಮಾತ್ರ. ನಿಮ್ಮ ನಕ್ಷೆಯ ಸಾಫ್ಟ್‌ವೇರಿನೊಡನೆ ಅದರ ಬಾಳ್ವೆ ಹೇಗೆಂಬುದನ್ನು ಆ ಮುದ್ರೆ ಹೇಳಲಾರದು.

ಇನ್ನೊಂದು ವ್ಯತ್ಯಾಸವನ್ನೂ ತಿಳಿದಿರುವುದು ಒಳ್ಳೆಯದು. ಸಾಲಿಡ್‌ವರ್ಕ್ಸ್, ಕಾಟಿಯಾ, ಕ್ರಿಯೋ ಮೊದಲಾದವು ಕಾರ್ಡಿನೊಡನೆ ಮಾತಾಡುವುದು ಓಪನ್‌ಜಿಎಲ್ ಎಂಬ ಭಾಷೆಯಲ್ಲಿ. ಆಟೋಕ್ಯಾಡ್, ಇನ್ವೆಂಟರುಗಳದು ಡೈರೆಕ್ಟ್‌ಎಕ್ಸ್ ಎಂಬ ಭಾಷೆ. ಆಟಗಳಲ್ಲಿ ಬಹಳಷ್ಟು ಬಳಸುವುದೂ ಈ ಎರಡನೆಯದನ್ನೇ. ಆದಕಾರಣ ಆಟದ ಕಾರ್ಡಿನಲ್ಲಿ ಆಟೋಕ್ಯಾಡಿಗೆ ಅಷ್ಟಾಗಿ ತೊಂದರೆಯಾಗದೆ, ಅದೇ ಕಂಪ್ಯೂಟರಿನಲ್ಲಿ ಸಾಲಿಡ್‌ವರ್ಕ್ಸ್ ತಿಣುಕುವುದುಂಟು. ಬರೇ ಎರಡು ಆಯಾಮದ ಕಟ್ಟಡ ನಕ್ಷೆ ಬರೆಯುವವರು ದುಬಾರಿ ಕಾರ್ಡಿಗೆ ಹಣ ಸುರಿಯುವ ಅವಶ್ಯಕತೆಯೇ ಇಲ್ಲ.

ಈ ಮಾತುಗಳನ್ನು ಬರೆಯಲು ಪ್ರೇರಣೆಯಾದ ಪ್ರಸಂಗವೊಂದಿದೆ. ಪುಣೆಯ ಹೋಟೆಲೊಂದರಲ್ಲಿ ಬಹಳ ವರ್ಷಗಳಿಂದ ದುಡಿಯುತ್ತಿರುವ, ನಮಗೆ ಪರಿಚಿತರಾದ ಹಿರಿಯರೊಬ್ಬರು ದೂರವಾಣಿಯಲ್ಲಿ ಕರೆದು, "ಅಣ್ಣಾ, ಹುಡುಗನ ಕಂಪ್ಯೂಟರು ದಿನಕ್ಕೆ ನಾಲ್ಕು ಸಲ ಕಪ್ಪಾಗುತ್ತಿದೆಯಂತೆ. ಹೊಸ ಕಾರ್ಡು ಹಾಕದಿದ್ದರೆ ಬಂದ ಕೆಲಸ ವಾಪಸು ಹೋಗುತ್ತದಂತೆ. ಚೀಟಿ ಎತ್ತಲೋ ಬೇಡವೋ?" ಎಂದು ಕೇಳಿದರು. ಆ ಚೀಟಿಯನ್ನು ಅವರು ಕೂಡಿಡುತ್ತಿದ್ದುದು ಮಗಳ ಮದುವೆಗೆಂದು. ಮಗನು ತಗಡಿನ ಅಚ್ಚುಗಳ ನಕ್ಷೆಯನ್ನು ಮನೆಯಲ್ಲಿಯೇ ಮಾಡುವವನು. ಅಂಗಡಿಯವನು ಕಾರ್ಡು ಸತ್ತಿದೆಯೆಂದು ತೀರ್ಪು ಕೊಟ್ಟುಬಿಟ್ಟಿದ್ದನು. ನಮ್ಮ ಎಸ್‌ಎಸ್‌ಎಲ್‌ಸಿ ವಿದ್ಯೆಗೆ ಇದು ನಿಲುಕುವ ವಿಷಯವಲ್ಲವಾದುದರಿಂದ, ಅದೇ ವೃತ್ತಿಯಲ್ಲಿ ಪಳಗಿದ ಇನ್ನೊಬ್ಬ ತರುಣನನ್ನು ಅವರ ಮನೆಗೆ ಕಳುಹಿಸಿದೆವು.

ಆ ತರುಣನು ಮೊದಲು ಮಾಡಿದ ಕೆಲಸಕ್ಕೆ ಒಂದು ಕಾಸೂ ತಗಲಲಿಲ್ಲ. ಸಾಲಿಡ್‌ವರ್ಕ್ಸ್‌ನಲ್ಲಿ ಎಲ್ಲ ಕಡತಗಳನ್ನೂ ಮುಚ್ಚಿ, ಆಪ್ಷನ್ಸಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ 'ಯೂಸ್ ಸಾಫ್ಟ್‌ವೇರ್ ಓಪನ್‌ಜಿಎಲ್' ಎಂಬುದಕ್ಕೆ ಗುರುತು ಹಾಕಿದನು. ಕಡತ ತೆರೆದಿದ್ದರೆ ಆ ಗುರುತು ಹಾಕಲು ಬರುವುದಿಲ್ಲವೆಂಬುದನ್ನು ನೆನಪಿಡಬೇಕು. ಹೀಗೆ ಮಾಡಿದರೆ ನಕ್ಷೆಯನ್ನು ತೋರಿಸುವ ಕೆಲಸ ಗ್ರಾಫಿಕ್ಸ್ ಕಾರ್ಡನ್ನು ಬಿಟ್ಟು ಮುಖ್ಯ ಪ್ರೊಸೆಸರಿನ ಪಾಲಿಗೆ ಬರುತ್ತದೆ. ಎಲ್ಲವೂ ನಿಧಾನವಾಗುತ್ತದೆ, ಆದರೆ ಪರೀಕ್ಷೆ ಸ್ಪಷ್ಟವಾಗುತ್ತದೆ. ದಿನವಿಡೀ ಪರದೆ ಕಪ್ಪಾಗಲಿಲ್ಲ. ಅಂದರೆ ದೋಷವಿರುವುದು ಕಾರ್ಡಿನಲ್ಲಿ ಇಲ್ಲವೇ ಡ್ರೈವರಿನಲ್ಲಿ. ಕಡತದಲ್ಲಿ ಅಲ್ಲ, ಹುಡುಗನ ಕೈಯಲ್ಲಿಯೂ ಅಲ್ಲ. ಆಟೋಕ್ಯಾಡ್ ಬಳಸುವವರು ಗ್ರಾಫಿಕ್ಸ್‌ಕಾನ್ಫಿಗ್ ಎಂಬ ಆಜ್ಞೆಯನ್ನು ಕೊಟ್ಟು ಹಾರ್ಡ್‌ವೇರ್ ಆಕ್ಸಲರೇಷನ್ನನ್ನು ಆರಿಸಿ ಇದೇ ಪರೀಕ್ಷೆ ಮಾಡಬಹುದು. ಹಾಗೆ ಆರಿಸಿದ ಮೇಲೂ ತೊಂದರೆ ಮುಂದುವರಿದರೆ ಡ್ರೈವರನ್ನು ಬಿಟ್ಟು ಮೆಮರಿ, ವಿದ್ಯುತ್ ಪೂರೈಕೆ, ಕಡತ ಇವುಗಳ ಕಡೆ ನೋಡಬೇಕು.

ಎರಡನೆಯದಾಗಿ ಡಿವೈಸ್ ಮ್ಯಾನೇಜರನ್ನು ತೆರೆದು ಡ್ರೈವರಿನ ತಾರೀಕನ್ನು ನೋಡಿದನು. ಹುಡುಗನು ಯಾವ ಡ್ರೈವರನ್ನೂ ಬದಲಿಸಿರಲಿಲ್ಲ. ಆದರೂ ಹೊಸದೊಂದು ಬಂದು ಕುಳಿತಿತ್ತು. ವಿಂಡೋಸ್ ತನ್ನ ನವೀಕರಣಗಳ ಜೊತೆ ಡ್ರೈವರನ್ನೂ ಕೇಳದೆ ತಂದು ಹಾಕುವುದುಂಟು. ಅದೇ ಕಿಟಕಿಯಲ್ಲಿ 'ರೋಲ್ ಬ್ಯಾಕ್ ಡ್ರೈವರ್' ಎಂಬ ಗುಂಡಿ ಇರುತ್ತದೆ. ಹಿಂದಿನ ಡ್ರೈವರ್ ಕಂಪ್ಯೂಟರಿನಲ್ಲಿ ಉಳಿದಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ, ಇಲ್ಲವಾದರೆ ಮಂಕಾಗಿರುತ್ತದೆ. ಇಲ್ಲಿ ಮಂಕಾಗಿತ್ತು. ಆದುದರಿಂದ ಪಟ್ಟಿಯಲ್ಲಿದ್ದ ಡ್ರೈವರನ್ನು ಇಳಿಸಿ, ಅನುಸ್ಥಾಪನೆಯ ಸಮಯದಲ್ಲಿ 'ಕ್ಲೀನ್ ಇನ್‌ಸ್ಟಲೇಷನ್' ಎಂಬುದನ್ನು ಆರಿಸಿ, ಹಳೆಯ ಕಸವೆಲ್ಲ ಹೋಗುವಂತೆ ಮಾಡಿ ಹಾಕಿದನು. ಮೊದಲಿನ ಗುರುತನ್ನು ತೆಗೆದನು. ಕಾರ್ಡು ಸತ್ತಿರಲಿಲ್ಲ. ಚೀಟಿಯನ್ನು ಎತ್ತಬೇಕಾಗಲಿಲ್ಲ.

ವಿಂಡೋಸಿನ ಈ ಅತಿ ಉಪಕಾರವನ್ನು ತಡೆಯುವ ಉಪಾಯವೂ ಇದೆ. ಪ್ರೊ ಆವೃತ್ತಿಯಲ್ಲಿ ಗ್ರೂಪ್ ಪಾಲಿಸಿ ಎಂಬಲ್ಲಿ, ವಿಂಡೋಸ್ ನವೀಕರಣಗಳಲ್ಲಿ ಡ್ರೈವರುಗಳನ್ನು ಸೇರಿಸಬೇಡವೆಂದು ಆಜ್ಞಾಪಿಸಬಹುದು. ಹೋಮ್ ಆವೃತ್ತಿಯಲ್ಲಿ ಆ ಕಿಟಕಿ ಇಲ್ಲ. ಅಲ್ಲಿ ಡಿವೈಸ್ ಇನ್‌ಸ್ಟಲೇಷನ್ ಸೆಟ್ಟಿಂಗ್ಸ್ ಎಂಬಲ್ಲಿ 'ನೋ' ಎಂದು ಆರಿಸಿ ನೋಡಬೇಕು.

ಲ್ಯಾಪ್‌ಟಾಪ್ ಬಳಸುವವರಿಗೆ ಇನ್ನೊಂದು ತೊಡಕು. ಅನೇಕ ಲ್ಯಾಪ್‌ಟಾಪುಗಳಲ್ಲಿ ಎರಡು ಗ್ರಾಫಿಕ್ಸ್ ಇರುತ್ತವೆ: ಪ್ರೊಸೆಸರಿನೊಳಗಿನದು ಒಂದು, ಪ್ರತ್ಯೇಕವಾದುದು ಇನ್ನೊಂದು. ಬ್ಯಾಟರಿ ಉಳಿಸುವ ಸಲುವಾಗಿ ವಿಂಡೋಸ್ ಕೆಲವೊಮ್ಮೆ ನಕ್ಷೆಯ ಸಾಫ್ಟ್‌ವೇರನ್ನು ದುರ್ಬಲವಾದುದಕ್ಕೆ ಒಪ್ಪಿಸಿಬಿಡುತ್ತದೆ. ಸೆಟ್ಟಿಂಗ್ಸಿನಲ್ಲಿ ಡಿಸ್‌ಪ್ಲೇ, ಅದರೊಳಗೆ ಗ್ರಾಫಿಕ್ಸ್ ಎಂಬಲ್ಲಿಗೆ ಹೋಗಿ ಆ ಸಾಫ್ಟ್‌ವೇರನ್ನು ಹೈ ಪರ್ಫಾರ್ಮೆನ್ಸ್ ಎಂದು ನಿಗದಿಪಡಿಸಬೇಕು. ಡೆಲ್, ಎಚ್‌ಪಿ, ಲೆನೋವೋ ಮುಂತಾದವರು ತಮ್ಮ ಲ್ಯಾಪ್‌ಟಾಪುಗಳಿಗೆ ಹೊಂದಿಸಿದ ಡ್ರೈವರುಗಳನ್ನು ತಾವೇ ಒದಗಿಸುತ್ತಾರೆ. ಮೊದಲು ಅಲ್ಲಿ ಹುಡುಕುವುದು ಮೇಲು.

ಇಷ್ಟನ್ನು ಓದಿ, ಒಮ್ಮೆ ಸರಿಹೋದ ಡ್ರೈವರನ್ನು ಜನ್ಮವಿಡೀ ಮುಟ್ಟಬಾರದೆಂದು ಯಾರೂ ತಿಳಿಯಬಾರದು. ಡ್ರೈವರುಗಳಲ್ಲಿ ಭದ್ರತೆಯ ಬಿರುಕುಗಳು ಕಂಡುಬಂದಾಗ ಸಂಸ್ಥೆಗಳು ಪ್ರಕಟಣೆ ಹೊರಡಿಸಿ ತಿದ್ದುಪಡಿ ಕೊಡುತ್ತವೆ. ಅಂಥವನ್ನು ಅಲಕ್ಷಿಸುವುದು ಅಂಗಡಿಗೆ ಬೀಗ ಹಾಕದೆ ಮಲಗಿದಂತೆ. ನಕ್ಷೆಯ ಸಾಫ್ಟ್‌ವೇರಿನ ಹೊಸ ವರ್ಷದ ಆವೃತ್ತಿಗೆ ಹೋಗುವಾಗ, ವಿಂಡೋಸ್ ಬದಲಿಸುವಾಗ, ಅಥವಾ ನೀವು ಪಡುತ್ತಿರುವ ತೊಂದರೆಯೇ ಹೊಸ ಡ್ರೈವರಿನಲ್ಲಿ ಪರಿಹಾರವಾಗಿದೆಯೆಂದು ಅದರ ಟಿಪ್ಪಣಿಯಲ್ಲಿ ಬರೆದಿರುವಾಗ ಬದಲಿಸಲೇಬೇಕು. ಪ್ರೊಡಕ್ಷನ್ ಬ್ರಾಂಚಿನ ಗುಣವೇ ಇದು: ಶಾಖೆ ಅದೇ ಉಳಿದು, ಭದ್ರತೆಯ ತಿದ್ದುಪಡಿಗಳು ಮಾತ್ರ ಕಾಲಕಾಲಕ್ಕೆ ಬಂದು ಸೇರುತ್ತವೆ.

ಬದಲಿಸುವ ದಿನವನ್ನು ಮಾತ್ರ ವಿವೇಕದಿಂದ ಆರಿಸಬೇಕು. ನಾಳೆ ಬೆಳಿಗ್ಗೆ ನಕ್ಷೆ ಒಪ್ಪಿಸಬೇಕಾಗಿರುವಾಗ ಇಂದು ರಾತ್ರಿ ಡ್ರೈವರ್ ಬದಲಿಸುವವನು, ಮದುವೆಯ ಊಟದ ಪಂಕ್ತಿ ಕುಳಿತ ಮೇಲೆ ಹೊಸ ಭಟ್ಟರನ್ನು ಗೊತ್ತುಮಾಡುವವನೇ ಸರಿ. ಶನಿವಾರ ಸಂಜೆ ಕೆಲಸ ಮುಗಿದ ಮೇಲೆ, ಕಡತಗಳ ಪ್ರತಿ ತೆಗೆದಿಟ್ಟು, ವಿಂಡೋಸಿನಲ್ಲಿ ರಿಸ್ಟೋರ್ ಪಾಯಿಂಟ್ ಮಾಡಿ, ಆಮೇಲೆ ಕೈಹಾಕಬೇಕು. ಐದು ಕಂಪ್ಯೂಟರುಗಳಿದ್ದರೆ ಮೊದಲು ಒಂದಕ್ಕೆ ಮಾತ್ರ ಹಾಕಿ, ಇರುವುದರಲ್ಲೆಲ್ಲ ದೊಡ್ಡ ಜೋಡಣೆಯನ್ನು ತೆರೆದು, ತಿರುಗಿಸಿ, ಸೀಳುನೋಟ ತೆಗೆದು, ಉಳಿಸಿ, ಮುದ್ರಿಸಿ, ಎರಡು ಮೂರು ದಿನ ನೋಡಬೇಕು. ಉಳಿದ ನಾಲ್ಕರ ಸರದಿ ಅನಂತರ.

ಇಲ್ಲಿ ಗುಮಾಸ್ತ ಬಂಧುಗಳ ವಿದ್ಯೆಯೇ ದೊಡ್ಡ ವಿದ್ಯೆ. ಒಂದು ನೋಟುಬುಕ್ಕಿನಲ್ಲಿ ಕಂಪ್ಯೂಟರಿಗೊಂದು ಪುಟ ಮಾಡಿ, ಕಾರ್ಡಿನ ಹೆಸರು, ಡ್ರೈವರಿನ ಸಂಖ್ಯೆ, ಹಾಕಿದ ತಾರೀಕು, ನಕ್ಷೆಯ ಸಾಫ್ಟ್‌ವೇರಿನ ವರ್ಷ ಮತ್ತು ಸರ್ವಿಸ್ ಪ್ಯಾಕ್, ಯಾವ ದಿನ ಏನು ತೊಂದರೆಯಾಯಿತು ಎಂಬುದನ್ನು ಖಾತೆಯಂತೆ ಬರೆದಿಟ್ಟರೆ, ಮಾಲೀಕನು ಹುಡುಗನ ಮೇಲೆ ಎಗರಿದಾಗ ಆ ಪುಟವೇ ಸಾಕ್ಷಿಯಾಗಿ ನಿಲ್ಲುತ್ತದೆ. ಒಗ್ಗಿದ ಡ್ರೈವರಿನ ಕಡತವನ್ನು ಒಂದು ಪೆನ್‌ಡ್ರೈವಿನಲ್ಲಿ ಪ್ರತ್ಯೇಕವಾಗಿ ಇಡುವುದೂ ಅಷ್ಟೇ ಅಗತ್ಯ. ಬೇಕಾದಾಗ ಹಳೆಯದು ಹುಡುಕಿದರೆ ಸಿಕ್ಕೇ ಸಿಗುವುದೆಂಬ ಭರವಸೆಯಿಲ್ಲ.

ಕೊನೆಯದಾಗಿ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ದೆಹಲಿಯ ನೆಹರೂ ಪ್ಲೇಸ್, ಚೆನ್ನೈಯ ರಿಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆಗಳಲ್ಲಿ ಉಪಯೋಗಿಸಿದ ಕಾರ್ಡುಗಳನ್ನು ಕೊಳ್ಳುವವರಿಗೆ ಒಂದು ಸೂಚನೆ. ಬೆಲೆ ಕೇಳುವ ಮೊದಲು ಆ ಕಾರ್ಡಿಗೆ ಇನ್ನೂ ಡ್ರೈವರ್ ಬರುತ್ತಿದೆಯೇ ಎಂದು ವಿಚಾರಿಸಿರಿ. ಎನ್‌ವಿಡಿಯಾದ ಜಿಟಿಎಕ್ಸ್ 900 ಮತ್ತು 1000 ಸಾಲಿನ ಕಾರ್ಡುಗಳಿಗೆ ಹೊಸ ಗೇಮ್ ರೆಡಿ ಡ್ರೈವರುಗಳು 2025ರ ಅಕ್ಟೋಬರಿಗೆ ಮುಗಿದುವು. ಭದ್ರತೆಯ ತಿದ್ದುಪಡಿಗಳನ್ನು ಮಾತ್ರ 2028ರ ಅಕ್ಟೋಬರಿನವರೆಗೆ ಕೊಡುವುದಾಗಿ ಸಂಸ್ಥೆ ಹೇಳಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹಳೆಯ ಸಾಫ್ಟ್‌ವೇರಿನಲ್ಲಿಯೇ ಕೆಲಸ ಮಾಡುವವನಿಗೆ ಅಂಥ ಕಾರ್ಡು ಇನ್ನೂ ಕೆಲವು ಕಾಲ ಅನ್ನ ಕೊಡಬಲ್ಲುದು. ಮುಂದಿನ ವರ್ಷದ ಆವೃತ್ತಿಗೆ ಹೋಗಬೇಕೆಂದಿರುವವನು ಮೊದಲು ಸಾಫ್ಟ್‌ವೇರಿನವರ ಪಟ್ಟಿಯನ್ನು ತೆರೆದು, ಅದರಲ್ಲಿರುವ ಕಾರ್ಡಿನ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಲಿ.